ಮೀಟರಿಗೆ ಮುಳ್ಳು

ನವೆಂಬರ್ 11, ಸೋಮವಾರ

ಹಾರ್ಡ್ ಡಿಸ್ಕ್ ಸಿಕ್ಕಿತು. ಎಲ್ಲಿತ್ತು ಅಂದರೆ, ಇವರ ಹಳೆಯ ಶೇವಿಂಗ್ ಡಬ್ಬಿಯಲ್ಲಿ, ಒಂಟಿ ಕಾಲುಚೀಲದೊಳಗೆ. ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮೀಟರು, ಗೇಜು ರಿಪೇರಿ ಮಾಡಿದ ಮನುಷ್ಯ ತನ್ನ ಸ್ವಂತ ಸಾಮಾನು ಇಡುವ ರೀತಿ ಇದು. ಯಾಕ್ರೀ ಹಿಂಗ ಅಂತ ಕೇಳುವ ಹಾಗೂ ಇಲ್ಲ. ಜುಲೈ ಇಪ್ಪತ್ತೆಂಟಕ್ಕೆ ಲಕ್ವ ಹೊಡೆದ ಮೇಲೆ ಇವರ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಅದ’. ನೀರಿಗೂ ಅದ, ನೋವಿಗೂ ಅದ, ನನಗೂ ಅದ.

ಡಿಸ್ಕ್ ಬೇಕಾದದ್ದು ರಶ್ಮಿಯಿಂದಾಗಿ. ಎರಡು ತಿಂಗಳು ಆಸ್ಪತ್ರೆಯವರು ಬಾಳೆಹಣ್ಣಿನ ಚಿತ್ರ ತೋರಿಸಿ ‘ಅರಟಿಪಂಡು’ ಎಂದು ತೆಲುಗಿನಲ್ಲಿ ಹೇಳಿಸಲು ನೋಡಿದರು. ಇವರು ಚಿತ್ರವನ್ನೂ ಅವರನ್ನೂ ನೋಡಿ ನನ್ನ ಕಡೆ ತಿರುಗುತ್ತಿದ್ದರು. ಆಮೇಲೆ ಹುಡುಕಿ ಹುಡುಕಿ ಮಾತು ಮರುಕಲಿಸುವ ಕನ್ನಡದವಳು ಸಿಕ್ಕಿದಳು, ಈ ರಶ್ಮಿ. ಪುತ್ತೂರಿನವಳು, ಮಣಿಕೊಂಡದಲ್ಲಿ ಮನೆ, ಬುಧವಾರಕ್ಕೊಮ್ಮೆ ಇಷ್ಟು ದೂರ ಬರುತ್ತಾಳೆ. ಕಳೆದ ವಾರ ಕೇಳಿದಳು: “ಇವರಿಗೆ ಬಾಯಿಪಾಠ ಇದ್ದದ್ದು ಎಂತಾದ್ರೂ ಉಂಟಾ? ಹಾಡು, ಶ್ಲೋಕ, ಮಗ್ಗಿ? ಯೋಚನೆ ಮಾಡಿ ಆಡುವ ಮಾತು ಹೋದ್ರೂ ಅಂಥದ್ದು ಒಳಗೆ ಉಳಿದಿರ್ತದೆ. ಅವರದ್ದೇ ಸ್ವರ ಕೇಳಿಸಿದ್ರೆ ಕೆಲವರು ಜೊತೆಗೆ ಹೇಳ್ತಾರೆ. ಮೊದಲ ಆರು ತಿಂಗಳು ಮುಖ್ಯ ಮಾರಾಯ್ರೆ, ಈಗಲೇ ನಾಲ್ಕು ಹತ್ತಿರ ಬಂತು.”

ಹಾಡು ಇಲ್ಲ, ಶ್ಲೋಕ ಇಲ್ಲ. ಮಗ್ಗಿಯನ್ನು ಕ್ಯಾಲ್ಕುಲೇಟರಿಗೆ ಬಿಟ್ಟುಕೊಟ್ಟವರು. ಇವರು ಜನ್ಮದಲ್ಲಿ ಕಟ್ಟಿ ಹೇಳಿದ ಪದ್ಯ ಒಂದೇ, ನಮ್ಮ ಮದುವೆಯ ಒಡಪು. ನಮ್ಮ ಕೊಪ್ಪಳದ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಲೇಬೇಕಾದಾಗ ಪದ್ಯದೊಳಗೆ ಪೋಣಿಸಿ ಹೇಳಬೇಕು. ನಾನು ಎಂಟು ಸಾಲು, ಎಂಟಕ್ಕೂ ಪ್ರಾಸ. ಇವರು? ಬಾಗಿಲಲ್ಲಿ ನಿಂತು ‘ಮೀಟರಿಗೆ ಮುಳ್ಳು’ ಅಂದರು, ಚಪ್ಪರವೆಲ್ಲ ನಕ್ಕಿತು, ಪದ್ಯ ಅರ್ಧಕ್ಕೇ ನಿಂತಿತು. ನನ್ನ ತವರಿನಲ್ಲಿ ಇವತ್ತಿಗೂ ಇವರು ಮೀಟರ್ ಅಳಿಯ. ಮರುದಿನವೇ ನಾನು ಒಂದು ಮರ್ಯಾದಸ್ಥ ಒಡಪು ಕಟ್ಟಿ ಕಲಿಸಿದೆ. ಇವರು ನಕ್ಕರು, ಒಮ್ಮೆಯೂ ಹೇಳಲಿಲ್ಲ.

ಆ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುವಾಗ ಇವರೇ ಅದನ್ನು ಈ ಡಿಸ್ಕಿಗೆ ಇಳಿಸಿಕೊಂಡು ಬಂದಿದ್ದರು. ಇದನ್ನು ಬಿಟ್ಟರೆ ಇವರ ಧ್ವನಿ ನನ್ನ ಫೋನಿನಲ್ಲಿ ಒಟ್ಟು ಒಂಬತ್ತು ಸೆಕೆಂಡು ಇದೆ: “ಲೇಟ್ ಆಗ್ತೈತಿ. ಉಂಡುಬಿಡು.”

ಡಿಸ್ಕಿನ ಜೊತೆ ವೈರು ಇರಲಿಲ್ಲ. ಹಳೆಯ ಕ್ಯಾಮೆರಾದ ವೈರು ಅದರ ಬಾಯಿಗೆ ಸರಿಯಾಗಿ ಕೂತಿತು. ಚುಚ್ಚಿದೆ.

ದೀಪ ಹತ್ತಿತು, ತಟ್ಟೆ ಸುತ್ತಿತು, ಕಿಟಿಕಿಟಿ ಅಂದಿತು;
ಲ್ಯಾಪ್‌ಟಾಪ್ ಮಾತ್ರ ‘ಯಾರು ನೀನು?’ ಎಂದು ಸುಮ್ಮನೆ ಕೂತಿತು.

ನವೆಂಬರ್ 13, ಬುಧವಾರ

ಮೇಲಿನ ಮಹಡಿಯ ಕೌಸ್ತುಭ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಬಂದು ನೋಡಿದ. ಮೈಸೂರಿನವನು, ಯಾವುದೋ ಔಷಧ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದಾನೆ.

“ಆಂಟಿ, ರೀಸ್ಟಾರ್ಟ್ ಮಾಡಿದ್ರಾ?”

“ಮೂರು ಸಲ.”

“ಪೋರ್ಟ್ ಚೇಂಜ್ ಮಾಡ್ನೋಡಿದ್ರಾ?”

“ಇದ್ದರಲ್ಲವೇನಪ್ಪಾ ಬದಲಿಸೋದು?”

ನನ್ನ ಲ್ಯಾಪ್‌ಟಾಪು ಏಜೆನ್ಸಿಯವರು ಕೊಟ್ಟದ್ದು. ಔಷಧದ ಡಬ್ಬಿಯೊಳಗಿನ ಕನ್ನಡ ಚೀಟಿಗಳನ್ನು ನಾನು ಮನೆಯಲ್ಲೇ ಕೂತು ತಿದ್ದಿಕೊಡುತ್ತೇನೆ. ತಪ್ಪು ಕಂಡರೆ ಕೈ ಸುಮ್ಮನಿರದು, ಅದಕ್ಕೇ ದುಡ್ಡು ಕೊಡುವವರು ಸಿಕ್ಕಿದ್ದು ನನ್ನ ಪುಣ್ಯ. ಲ್ಯಾಪ್‌ಟಾಪು ಹಪ್ಪಳದಷ್ಟು ತೆಳ್ಳಗಿದೆ. ಡಿಸ್ಕಿನ ವೈರು ಹೋಗುವ ತೂತು ಒಂದೇ. ಇನ್ನೊಂದಿದೆ, ಹುಣಸೆಬೀಜದಷ್ಟು ಸಣ್ಣದು, ಅದರೊಳಗೆ ಏನೂ ಹೋಗುವುದಿಲ್ಲ.

“ಬೇರೆ ವೈರ್ ಹಾಕ್ನೋಡಿ ಆಂಟಿ,” ಎಂದು ಕೌಸ್ತುಭ ಹೊರಟ.

ವೈರುಗಳ ಡಬ್ಬಿ ತೆಗೆದೆ. ಇವರ ಆಸ್ತಿ. ಹದಿನಾಲ್ಕು ವೈರು, ಹದಿನಾಲ್ಕಕ್ಕೂ ಬೇರೆ ಬೇರೆ ಬಾಯಿ. ಒಂದೂ ಕೂರಲಿಲ್ಲ.

ರಶ್ಮಿ ಬಂದಾಗ ಡಿಸ್ಕ್ ಇನ್ನೂ ಕಿಟಿಕಿಟಿ ಅನ್ನುತ್ತಿತ್ತು. ಸರಿ, ನಾನೇ ಬಾಯಿಂದ ಹೇಳಿಕೊಡುತ್ತೇನೆ ಎಂದು ಅಂದು ಇವರಿಗೆ ಕಲಿಸಿದ್ದ ಒಡಪನ್ನೇ ಶುರುಮಾಡಿದೆ:

ಬೆಳ್ಳಿ ಬಟ್ಟಲದಾಗ ಹಾಲು, ಬಂಗಾರದ ಬಟ್ಟಲದಾಗ ಸಕ್ಕರಿ;
ಹಿರೇರ ಮುಂದ ಹೇಳ್ತೀನಿ, ನನ್ನಾಕಿ ಹೆಸರು ವಿಜಯಶ್ರೀ.

“ಹುಲಗೇಶ್ ಸರ್, ಬೆಳ್ಳಿ ಬಟ್ಟಲದಾಗ…?” ಎಂದಳು ರಶ್ಮಿ, ನಮ್ಮ ಮಾತು ತನ್ನ ನಾಲಿಗೆಯಲ್ಲಿ ತೊಡರಿಸಿಕೊಂಡು. (ಅವಳು ಎಷ್ಟು ಸಲೀಸಾಗಿ ಇವರ ಹೆಸರು ಹೇಳುತ್ತಾಳೆ. ನಾನು ಡೈರಿಯಲ್ಲೂ ‘ಇವರು’ ಎಂದೇ ಬರೆಯುತ್ತೇನೆ. ಅಭ್ಯಾಸ.)

ಇವರು ಗೋಡೆ ಕಡೆ ಮುಖ ತಿರುಗಿಸಿದರು.

ಸಂಜೆ ಇನ್ನೊಂದು. ಬಾಲ್ಕನಿಯಲ್ಲಿ ದಬದಬ ಸದ್ದು. ಹೋಗಿ ನೋಡಿದರೆ ಇವರು ಪಾರಿವಾಳ ಬಾರದಂತೆ ಕಟ್ಟಿದ ಬಲೆಯ ಮೂಲೆ ಹಿಡಿದು ಎಡಗೈಯಲ್ಲಿ ಜಗ್ಗುತ್ತಿದ್ದಾರೆ. ಆ ಮೂಲೆ ಹರಿದದ್ದನ್ನು ದೀಪಾವಳಿಯ ಮರುದಿನ ನಾನೇ ಕಷ್ಟಪಟ್ಟು ಬಿಗಿದಿದ್ದೆ. ಇವರ ಡಬ್ಬಿಯಲ್ಲಿ ಕವಲೊಡೆದ ಒಂದು ಕಪ್ಪು ವೈರಿತ್ತು, ಎಲ್ಲಕ್ಕಿಂತ ನಿಷ್ಪ್ರಯೋಜಕವಾಗಿ ಕಂಡದ್ದು. ಅದರಿಂದ ಏಳು ಗಂಟು ಹಾಕಿ, ತುದಿಗಳು ಚುಚ್ಚದಿರಲೆಂದು ಹಾಲಿನ ಕವರು ಸುತ್ತಿದ್ದೆ. ಈಗ ಅದನ್ನು ಕೀಳುವ ಆಟ.

“ಅದ! ಅದ!”

“ಗೊತ್ತೈತ್ರಿ, ಪಾರಿವಾಳ ಅದ. ಒಳಗ ಬರ್ರಿ.”

ನವೆಂಬರ್ 16, ಶನಿವಾರ

ಮೂರು ದಿನದಲ್ಲಿ ಮಾಡಿದ ಉಪಚಾರಗಳು: ತೂತನ್ನು ಬ್ರಷ್ಷಿನಿಂದ ಒರೆಸಿದ್ದು. ಊದಿದ್ದು. ಡಿಸ್ಕನ್ನು ಮಗುಚಿ ಇಟ್ಟು, ನಿಲ್ಲಿಸಿ ಇಟ್ಟು, ಕೊನೆಗೆ ಬಿಸಿಲಿಗಿಟ್ಟು ನೋಡಿದ್ದು. ಕೌಸ್ತುಭ ಹೇಳಿದ ಯಾವುದೋ ಕಿಟಕಿ ತೆರೆದು ಕಾದದ್ದು. ಅಲ್ಲಿ ನಮ್ಮ ಡಿಸ್ಕಿನ ಹೆಸರು ಒಂದು ಗಳಿಗೆ ಕಾಣಿಸಿ ಮಾಯವಾಯಿತು, ಬಾಗಿಲಲ್ಲೇ ನಿಂತು ‘ಇಲ್ಲ ಇಲ್ಲ, ಹೊರಟೆ’ ಅನ್ನುವ ನೆಂಟರ ಹಾಗೆ. ಇಂಟರ್ನೆಟ್ಟಿನ ಪಂಡಿತರು ‘ಫಾರ್ಮ್ಯಾಟ್ ಮಾಡಿ’ ಅನ್ನುತ್ತಾರೆ. ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದಂತೆ. ಕಸ ಗುಡಿಸಲು ಮನೆ ಕೆಡವಿದ ಹಾಗೆ.

ಆಫ್ ಮಾಡಿ ಆನ್ ಮಾಡಿ ಅನ್ನುವುದೇ ಮಂತ್ರ;
ಆಫ್ ಆದ ಮೇಲೆ ಏಳದು ಕೆಲವು ಯಂತ್ರ.

ಎರಡನೆಯ ಸಾಲು ಹೊಡೆದುಹಾಕಿದ್ದೇನೆ.

ನವೆಂಬರ್ 20, ಬುಧವಾರ

ಇವತ್ತು ಬೈಸಿಕೊಂಡವಳು ನಾನು. ರಶ್ಮಿ ಲೋಟದ ಚಿತ್ರ ತೋರಿಸಿದಳು. ಇವರ ಬಾಯಿ ಸೊಟ್ಟಗೆ ತೆರೆಯಿತು, “ಲ… ಲ…” ಅಂದಿತು. ನಾನು “ಲೋಟ” ಅಂದೆ. ಕತ್ತರಿಯ ಚಿತ್ರ. ನಾನು “ಕತ್ತರಿ” ಅಂದೆ.

“ವಿಜಯಶ್ರೀ ಅಕ್ಕ, ಪರೀಕ್ಷೆ ಯಾರಿಗೆ?”

“ಪಾಪ ಒದ್ದಾಡಾಕತ್ತಿದ್ರಲ್ಲ…”

“ಒದ್ದಾಡ್ಲಿ. ನೀವು ಹೇಳಿಕೊಟ್ರೆ ಅವರು ಹುಡುಕುವುದನ್ನೇ ಬಿಡ್ತಾರೆ. ಕಾಯಿರಿ.”

“ಎಷ್ಟೊತ್ತು?”

“ಬರುವವರೆಗೆ.”

ಮುಂದಿನದು ಚಮಚ. ಏಳು ಸೆಕೆಂಡು ಕಾದೆ. ಒಲೆಯ ಮೇಲೆ ಹಾಲಿತ್ತು, ಎದ್ದುಹೋದೆ. ಹೋಗುವಾಗ “ಚಮಚ” ಅಂತ ಹೇಳಿಯೇ ಹೋದೆ.

ನವೆಂಬರ್ 21, ಗುರುವಾರ

ಇವರನ್ನು ಕೆಳಗಿನ ಮನೆಯವರ ಮೇಲೆ ಬಿಟ್ಟು ಅಮೀರ್‌ಪೇಟ್‌ಗೆ ಹೋದೆ. ಬಾಲಾನಗರದವರೆಗೆ ಆಟೋ, ಅಲ್ಲಿಂದ ಮೆಟ್ರೋ. ಒಂದೊಂದು ಕಟ್ಟಡಕ್ಕೆ ಐವತ್ತು ಬೋರ್ಡು, ನಲವತ್ತೈದು ದಿನದಲ್ಲಿ ಮನುಷ್ಯನಿಗೆ ಏನು ಬೇಕಾದರೂ ಕಲಿಸುತ್ತಾರಂತೆ. ನಾಲ್ಕು ತಿಂಗಳಲ್ಲಿ ‘ಲೋಟ’ ಕಲಿಸುವವರ ಬೋರ್ಡು ಕಾಣಲಿಲ್ಲ.

ಅಂಗಡಿಯವನು ಡಿಸ್ಕಿಗೆ ತನ್ನದೊಂದು ವೈರು ಚುಚ್ಚಿ ಕಿವಿಗೆ ಹಿಡಿದ. ನಾಡಿ ನೋಡಿದ ಹಾಗೆ.

“ಅಮ್ಮಾ, ಇದಿ ಪೋಯಿಂದಿ.”

“ಹೋಯಿತು ಅಂದ್ರೆ? ಒಳಗಿರೋದು?”

“ಕಿಟಿಕಿಟಿ ಸುನಾಯಿ ದೇ ರಹಾ ಹೈ ನಾ? ಒಳಗ ಹೆಡ್ ಖರಾಬ್,” ಅಂದ, ಮೂರು ಭಾಷೆಯನ್ನು ಒಂದೇ ಉಸಿರಿನಲ್ಲಿ ಕಲಸಿ. ಹೆಂಡತಿ ಬೀದರಿನವಳಂತೆ, ಕನ್ನಡ ಅರ್ಧ ಬರುತ್ತದೆ. ಅವರ ಲ್ಯಾಬಿಗೆ ಕೊಟ್ಟರೆ ಡಿಸ್ಕನ್ನು ಒಡೆದು ತಟ್ಟೆ ಹೊರತೆಗೆದು ನೋಡುತ್ತಾರೆ. ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಆ ಮೇಲೆ ಬ್ರಹ್ಮನಿಂದಲೂ ಆಗದು. ಮೊದಲು ಒಂದು ಕಾಗದಕ್ಕೆ ಸಹಿ ಹಾಕಬೇಕು. ಕಾಗದದ ಇಂಗ್ಲಿಷಿನಲ್ಲಿ ಎರಡು ತಪ್ಪಿದ್ದವು. ತಿದ್ದಿದೆ. ಸಹಿ ಹಾಕಲಿಲ್ಲ.

“ಸೋಚ್‌ಕೆ ಫೋನ್ ಕರೋ ಅಮ್ಮಾ. ನಮ್ ಆದ್ಮಿ ಮನಿಗೇ ಬಂದು ತಗೊಂಡು ಹೋಗ್ತಾನ.”

ಡಿಸ್ಕು ಹಿಡಿದು ಹೋದೆ, ತಲೆ ಹಿಡಿದು ಬಂದೆ;
ಊರೆಲ್ಲ ಜಾಣರು, ಪೆದ್ದಿ ನಾನೇ ಎಂದೆ.

ನವೆಂಬರ್ 24, ಭಾನುವಾರ

ಮಧ್ಯಾಹ್ನ ಮತ್ತೆ ಡಿಸ್ಕ್ ಹಚ್ಚಿಕೊಂಡು ಕೂತಿದ್ದೆ. ಇವರು ಗೋಡೆ ಹಿಡಿದು ನಡೆದು ಬಂದರು. ಗೋಡೆಗೆ ಚುಚ್ಚಿದ್ದ ನನ್ನ ಫೋನಿನ ಚಾರ್ಜರನ್ನು ಕಿತ್ತು ತಂದು ನನ್ನ ತೊಡೆಯ ಮೇಲಿಟ್ಟರು.

“ಯಾರಿಗರ ಫೋನ್ ಮಾಡ್ಬೇಕಾ?”

ತಲೆ ಅಲ್ಲಾಡಿಸಿದರು. ಹೌದೋ ಅಲ್ಲವೋ ತಿಳಿಯಲಿಲ್ಲ. ಇವರ ತಮ್ಮನಿಗೆ ಫೋನು ಹಚ್ಚಿ ಕಿವಿಗಿಟ್ಟೆ. ಆ ಕಡೆಯಿಂದ “ಅಣ್ಣಾ, ಹ್ಯಾಂಗದೀ?” ಅಂತಾನೆ, ಈ ಕಡೆ ಇವರು ಫೋನನ್ನು ಸೋಫಾದ ಮೇಲೆ ಎಸೆದರು. ಚಾರ್ಜರನ್ನು ಮತ್ತೆ ಎತ್ತಿ ಡಿಸ್ಕಿನ ಪಕ್ಕದಲ್ಲಿಟ್ಟರು. ನಾನು ತೆಗೆದೆ. ಮತ್ತೆ ಇಟ್ಟರು. ನಾನು ಮತ್ತೆ ತೆಗೆದೆ. ಎದ್ದು ಬಾಲ್ಕನಿಗೆ ಹೋದರು, ಬಲೆ ಜಗ್ಗಲು.

ನರಗಳ ಡಾಕ್ಟರು ಹೇಳಿದ್ದರು, ಇಂಥ ವಿಚಿತ್ರ ನಡವಳಿಕೆ ಕೆಲವರಲ್ಲಿ ಇರುತ್ತದೆ, ಸಹನೆ ಬೇಕು ಅಂತ. ನಾನು ತಿದ್ದುವ ಚೀಟಿಗಳಲ್ಲಿ ಎಲ್ಲ ಔಷಧಕ್ಕೂ ಅಡ್ಡಪರಿಣಾಮ ಬರೆದಿರುತ್ತದೆ. ಸಹನೆಗೆ ಯಾಕೆ ಬರೆದಿಲ್ಲವೋ.

ನವೆಂಬರ್ 26, ಮಂಗಳವಾರ

ಬಾಲ್ಕನಿಗೆ ಬೀಗ ಹಾಕಿದೆ. ಬಲೆಯ ಸಂದಿಯಿಂದ ಒಂದು ಪಾರಿವಾಳ ನುಗ್ಗಿ ಬಂದು ದೇವರ ಮುಂದಿನ ಅಕ್ಕಿ ತಿಂದು ಹೋಯಿತು. ಬೀಗದ ಕೈ ನನ್ನ ಸೊಂಟದಲ್ಲಿ.

ಇವರು ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗಾಜಿನಾಚೆ ನೋಡುತ್ತ ಕೂತಿದ್ದಾರೆ. ಮುಷ್ಕರ.

ಲ್ಯಾಬಿಗೆ ಫೋನ್ ಮಾಡಿ ಬರಲು ಹೇಳಿದ್ದೇನೆ. ಇನ್ನೆಷ್ಟು ದಿನ ಅಂತ ಊದುತ್ತ ಕೂರಲಿ? ಜನವರಿ ಬಂದರೆ ಆರು ತಿಂಗಳು.

ನವೆಂಬರ್ 27, ಬುಧವಾರ

ರಶ್ಮಿಗೆ ಜ್ವರ, ಬರಲಿಲ್ಲ. ನಾನೇ ಚಿತ್ರ ಹಿಡಿದು ಕೂತೆ. ಲೋಟಕ್ಕೆ ಅದ. ಕತ್ತರಿಗೆ ಅದ. ಚಮಚಕ್ಕೆ ಬಾಲ್ಕನಿ ಕಡೆ ಕೈ.

ನವೆಂಬರ್ 30, ಶನಿವಾರ

ಹನ್ನೊಂದು ಗಂಟೆಗೆ ಲ್ಯಾಬಿನವನು ಬಂದ. ಹೆಲ್ಮೆಟ್ಟು ಕಂಕುಳಲ್ಲಿ, ಕಾಗದ ಕೈಯಲ್ಲಿ. ನಾನು ಸಹಿ ಹಾಕಿ ತಿರುಗುವಷ್ಟರಲ್ಲಿ ಮೇಜಿನ ಮೇಲೆ ಡಿಸ್ಕ್ ಇಲ್ಲ. ಇವರ ಎದೆಯ ಮೇಲಿದೆ, ಎಡಗೈ ಅದರ ಮೇಲಿದೆ.

“ಕೊಡ್ರಿ.”

ಇಲ್ಲ.

“ಕೊಡ್ರಿ ಅಂದ್ನಲ್ಲ. ರಿಪೇರಿಗೆ ಹೊಂಟೈತಿ. ನಿಮ್ಮ ಸಲುವಾಗೇ.”

“ಅದ. ಅದ. ಅದ!”

ಬೆರಳು ಬಿಡಿಸಲು ಹೋದೆ. ಒಂದು ಕೈಯ ಮನುಷ್ಯನಿಗೆ ಇಷ್ಟು ಬಲ ಇರುತ್ತದೆಂದು ಗೊತ್ತಿರಲಿಲ್ಲ. ಲ್ಯಾಬಿನವನು ನೆಲ ನೋಡುತ್ತ ನಿಂತ. ನಾಚಿಕೆಗೋ ಸಿಟ್ಟಿಗೋ, ನನ್ನ ಬಾಯಿಂದ ಬಂತು: “ನಿಮಗೀಗ ಏನ್ ತಿಳೀತೈತಿ? ತಿಳಿಯೋ ಮನಷ್ಯಾ ಆಗಿದ್ರ ಇದು ಈ ಗತಿಗೆ ಬರ್ತಿತ್ತೇನು?”

ಕೈ ಬಿಟ್ಟರು. ಡಿಸ್ಕನ್ನು ತಾವೇ ಮೇಜಿನ ಮೇಲಿಟ್ಟು, ಒಳಗೆ ಹೋಗಿ ಮಲಗಿದರು.

ಲ್ಯಾಬಿನವನು, “ಗುರುವಾರಂ ವಸ್ತಾನು ಅಮ್ಮಾ,” ಅಂದ. ಗುರುವಾರ ಬರುತ್ತಾನಂತೆ. ಸಹಿ ಹಾಕಿದ ಕಾಗದವನ್ನೂ ಡಿಸ್ಕನ್ನೂ ಮೇಜಿನ ಮೇಲೇ ಬಿಟ್ಟು ಮೆಟ್ಟಿಲಿಳಿದ.

ಡಿಸೆಂಬರ್ 1, ಭಾನುವಾರ

ಇವತ್ತು ‘ಅದ’ ಕೂಡ ಇಲ್ಲ.

ರೊಟ್ಟಿ ಮುರಿದು ಹಾಲಿಗೆ ಹಾಕಿ ಕೊಟ್ಟೆ. ಉಂಡರು. ತಟ್ಟೆಯನ್ನು ತಾವೇ ಬಚ್ಚಲಿಗೆ ಇಟ್ಟು ಬಂದರು. ಬಲೆ ಜಗ್ಗಲಿಲ್ಲ, ಚಾರ್ಜರ್ ಕೀಳಲಿಲ್ಲ. ಕುರ್ಚಿಯನ್ನು ಬಾಗಿಲಿಂದ ತೆಗೆದಿಟ್ಟಿದ್ದಾರೆ. ಬೇಕಾಗಿದ್ದ ಶಾಂತಿ ಸಿಕ್ಕಿದೆ. ಒಂದು ಚೀಟಿಯಲ್ಲಿ ‘ಮಕ್ಕಳ ಕೈಗೆ ಸಿಗುವಂತೆ ಇಡಿ’ ಎಂದಿದ್ದದ್ದನ್ನು ತಿದ್ದದೆ ಕಳಿಸಿಬಿಟ್ಟೆ. ಏಜೆನ್ಸಿಯವರ ಫೋನು ಬಂದ ಮೇಲೆ ಗೊತ್ತಾಯಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ.

ಡಿಸೆಂಬರ್ 4, ಬುಧವಾರ

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ರಶ್ಮಿ ಹತ್ತಕ್ಕೆ ಬಂದಳು. ಮೇಜಿನ ಮೇಲೆ ಡಿಸ್ಕು, ಅದರ ಮೇಲೆ ಕಾಗದ. ನಾನು ಮೂರು ವಾರದ ಪುರಾಣವನ್ನೆಲ್ಲ ಅವಳ ಮೇಲೆ ಸುರಿದೆ. ಕೌಸ್ತುಭ ಅಂದದ್ದು, ಅಮೀರ್‌ಪೇಟ್‌ನವನು ಅಂದದ್ದು, ಇಂಟರ್ನೆಟ್ ಅಂದದ್ದು. ಶನಿವಾರದ್ದನ್ನು ಬಿಟ್ಟು. ಅವಳು ಕೇಳಿಸಿಕೊಂಡು,

“ಇವರದ್ದು ಕೆಲಸ ಎಂತ ಅಂದ್ರಿ?”

“ಮೀಟರ್ ರಿಪೇರಿ. ವೈರು, ಗೇಜು, ಅವೇ.”

“ಇವರ ಹತ್ರ ಕೇಳಿದ್ರಾ?”

“ಯಾರ ಹತ್ರ?”

“ಹುಲಗೇಶ್ ಸರ್ ಹತ್ರ.”

ಓಣಿಯ ಹನುಮಪ್ಪನಿಗೂ ಒಂದು ಕಾಯಿ ಹರಸಿಕೊಂಡಿದ್ದೆ. ಇವರನ್ನು ಕೇಳಿರಲಿಲ್ಲ.

“ಹೌದು, ಅಲ್ಲ ಅನ್ನುವ ಪ್ರಶ್ನೆ ಕೇಳಿ. ಒಂದೊಂದೇ. ಅರ್ಥ ಎಲ್ಲ ಆಗ್ತದೆ ಅವರಿಗೆ, ಮೊದಲಿಂದ ಹೇಳ್ತಾ ಇದ್ದೇನಲ್ಲ.”

ಹೇಳಿದ್ದಳು, ನಿಜ. ಇವರ ಎದುರು ಮಣೆ ಹಾಕಿಕೊಂಡು ಕೂತೆ. ಇವರು ನನ್ನನ್ನು ನೋಡಲಿಲ್ಲ.

“ಡಿಸ್ಕ್ ಸತ್ತೈತೇನ್ರಿ?”

ಮೇಜಿನ ಮೇಲಿನ ಡಿಸ್ಕ್ ನೋಡಿದರು. ಆಮೇಲೆ ತಲೆ ಅಡ್ಡ ಆಡಿಸಿದರು. ಇಲ್ಲ.

“ಲ್ಯಾಪ್‌ಟಾಪ್ ಕೆಟ್ಟೈತೇನು?”

ಇಲ್ಲ.

“ಮತ್ತ ವೈರು?”

ಎಡ ಅಂಗೈಯಿಂದ ಮೇಜಿಗೆ ಹೊಡೆದರು. ಕಾಗದ ಹಾರಿ ಬಿತ್ತು. “ಅದ!”

“ಬ್ಯಾರೆ ವೈರು ಐತೇನು? ಮನ್ಯಾಗ?”

ಎದ್ದರು. ಗೋಡೆ ಹಿಡಿದು ಬಾಲ್ಕನಿಯ ಬಾಗಿಲಿಗೆ ಹೋಗಿ ನಿಂತರು. ಬೀಗ ನೋಡಿದರು, ನನ್ನನ್ನು ನೋಡಿದರು. ಸೊಂಟದಿಂದ ಬೀಗದ ಕೈ ತೆಗೆದು ಬಾಗಿಲು ತೆರೆದೆ.

ಬಲೆಯ ಮೂಲೆ. ಹಾಲಿನ ಕವರು. ಕವಲೊಡೆದ ಕಪ್ಪು ವೈರು.

ನಾನು ಹಾಕಿದ ಏಳು ಗಂಟು, ನಾನೇ ಹಲ್ಲಿನಿಂದ ಬಿಚ್ಚಬೇಕಾಯಿತು. ಕವರು ಬಿಚ್ಚಿದರೆ ತುದಿಗಳು ಅಂಗಡಿಯಿಂದ ತಂದಷ್ಟು ಸ್ವಚ್ಛ. ಒಂದು ಕಡೆ ಡಿಸ್ಕಿನ ಬಾಯಿಗೆ ಕೂರುವ ಸಣ್ಣ ಮೂತಿ, ಇನ್ನೊಂದು ಕಡೆ ಎರಡು ತಲೆ. ಒಂದು ತಲೆ ಲ್ಯಾಪ್‌ಟಾಪಿಗೆ ಹೋಯಿತು. ಎರಡನೆಯದಕ್ಕೆ ತೂತಿಲ್ಲ.

“ಇದನ್ನೆಲ್ಲಿ ಹಾಕ್ಲಿ?” ಎಂದು ಕೇಳುತ್ತಲೇ ತಿರುಗಿ ನೋಡಿದೆ. ಇವರು ಅಷ್ಟರಲ್ಲಿ ಗೋಡೆಯ ಹತ್ತಿರ ನಿಂತು ನನ್ನ ಫೋನಿನ ಚಾರ್ಜರಿನ ಮೇಲೆ ಕೈಯಿಟ್ಟಿದ್ದರು. ಹತ್ತು ದಿನದ ಹಿಂದೆ ನನ್ನ ತೊಡೆಯ ಮೇಲಿಟ್ಟದ್ದು ಇದನ್ನೇ. ಎರಡನೆಯ ತಲೆ ಅದಕ್ಕೆ ಲಟಕ್ ಅಂತ ಕೂತಿತು, ಅದಕ್ಕೇ ಮಾಡಿಟ್ಟ ಹಾಗೆ.

ಕಿಟಿಕಿಟಿ ಇಲ್ಲ. ಜ್ವಾರಿ ಬೀಸುವ ಗಿರಣಿ ದೂರದಲ್ಲಿ ಶುರುವಾದಂಥ ಒಂದೇ ಸಮನೆಯ ಸದ್ದು. ಲ್ಯಾಪ್‌ಟಾಪು ‘ಟಿಂಗ್’ ಅಂದಿತು.

ಒಳಗೆ ‘ಹೊಸ ಫೋಲ್ಡರ್’, ‘ಹೊಸ ಫೋಲ್ಡರ್ ಎರಡು’, ‘ಹೊಸ ಫೋಲ್ಡರ್ ಮೂರು’. ಒಂದಕ್ಕೂ ಹೆಸರಿಟ್ಟಿಲ್ಲ ಪುಣ್ಯಾತ್ಮ. ನಾಲ್ಕರಲ್ಲಿ ಮದುವೆ.

ಇವರ ಮೀಸೆ ತೆಳ್ಳಗಿದೆ. ನನ್ನದು ಬರೀ ಬಾಸಿಂಗ ಕಾಣುತ್ತದೆ. ನಮ್ಮ ಸೋದರಮಾವ ಬಾಗಿಲಿಗೆ ಅಡ್ಡ ನಿಂತು, “ಹೆಸರ ಹೇಳದ ಒಳಗ ಬಿಡಂಗಿಲ್ಲ ಅಳ್ಯಾ!” ಅನ್ನುತ್ತಾನೆ. ಇವರು ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾರೆ:

“ಬಾವಿಗೆ ಹಗ್ಗ, ಮನಿಗೆ ಬಾಗಲಾ, ಮೀಟರಿಗೆ ಮುಳ್ಳು…”

“ಮೀಟರಂತೋ!” ಯಾರೋ ಕೂಗುತ್ತಾರೆ. ಚಪ್ಪರ ನಗುತ್ತದೆ, ಬಾಜಾ ಶುರುವಾಗುತ್ತದೆ, ಮತ್ತೇನೂ ಕೇಳುವುದಿಲ್ಲ.

ಆದರೆ ವಿಡಿಯೋದಲ್ಲಿ ಇವರ ತುಟಿ ಆಡುತ್ತಲೇ ಇದೆ. ಇಪ್ಪತ್ತೊಂದು ವರ್ಷ ಇವರು ಅರ್ಧಕ್ಕೇ ನಿಲ್ಲಿಸಿದರೆಂದು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿಲ್ಲಿಸಿರಲಿಲ್ಲ.

ರಶ್ಮಿ ಅಷ್ಟನ್ನೇ ಮತ್ತೆ ಮತ್ತೆ ಹಾಕಿದಳು. ಮೇಜಿನ ಮೇಲೆ ಬೆರಳಿನಿಂದ ತಾಳ ಬಡಿದಳು. ಮೂರನೆಯ ಸಲ ಇವರ ಎಡಗೈ ತಾಳಕ್ಕೆ ಸೇರಿತು. ಐದನೆಯ ಸಲ ಗಂಟಲಿನಿಂದ ಏನೋ ಹೊರಟಿತು. “ಬಾ… ಬಾವಿಗೆ… ಹಗ್ಗ.” ನಾನು ಸೀರೆಯ ಸೆರಗು ಬಾಯಿಗೊತ್ತಿಕೊಂಡೆ. ಏಳನೆಯ ಸಲ, ವಿಡಿಯೋದ ಇವರೂ ಕುರ್ಚಿಯ ಇವರೂ ಕೂಡಿ: “ಮನಿಗೆ… ಬಾಗಲಾ… ಮೀಟರಿಗೆ… ಮುಳ್ಳು.”

ನಗು ಶುರುವಾಯಿತು. ರಶ್ಮಿ ನಿಲ್ಲಿಸಲು ಕೈ ಚಾಚಿದಳು. ಇವರು ನಿಲ್ಲಿಸಲಿಲ್ಲ. ಆ ನಗು, ಆ ಬಾಜಾದ ಮೇಲೆಯೇ ಮುಂದುವರಿದರು:

“ಮುಳ್ಳು ನಿಂತರ… ಬಡದು… ನಡಸ್ತೀನಿ…”

ಅಲ್ಲಿ ಸಿಕ್ಕಿಕೊಂಡಿತು. ಬಾಯಿ ತೆರೆದಿದೆ, ತುಟಿ ನಡುಗುತ್ತಿದೆ, ಕಣ್ಣು ನನ್ನ ಮೇಲಿದೆ. ಮುಂದಿನ ಮಾತು ಏನೆಂದು ನನಗೆ ಗೊತ್ತು. ಒಡಪಿನಲ್ಲಿ ಬರುವುದು ಇನ್ನೇನು? ನನ್ನ ಬಾಯಿಯ ತುದಿಗೆ ಬಂದಿತ್ತು.

ಒಲೆಯ ಮೇಲೆ ಹಾಲಿತ್ತು. ಉಕ್ಕುವ ಸದ್ದು ಕೇಳಿತು. ಆಮೇಲೆ ಸೀದ ವಾಸನೆ. ಉಕ್ಕಲಿ.

ಎಷ್ಟು ಹೊತ್ತು ಎಂದು ಎಣಿಸಲಿಲ್ಲ.

“ವಿ… ವಿಜ… ವಿಜಯಶ್ರೀ ನಿಂತರ,” ಅಂದರು, “ನಾನೂ… ನಿಂದರ್ತೀನಿ.”

ರಶ್ಮಿ ಕನ್ನಡಕ ತೆಗೆದು ದುಪಟ್ಟಾದಿಂದ ಒರೆಸಿದಳು. ಒರೆಸಿದ್ದು ಕನ್ನಡಕವನ್ನೊಂದೇ ಅಲ್ಲ.

‘ನಿಂತರ’ ಎರಡು ಸಲ ಬಂದಿದೆ. ಒಂದು ಸಾಲು ಗಿಡ್ಡ, ಒಂದು ಉದ್ದ. ಪ್ರಾಸ ಎಲ್ಲೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಇಲ್ಲಿ ಬರೆದಿಟ್ಟಿದ್ದೇನೆ.

“ಈಗ ನಿಮ್ಮದು, ಅಕ್ಕ!” ಅಂದಳು ರಶ್ಮಿ. “ಹೆಂಡತಿ ಹೇಳ್ಬೇಕಲ್ಲ?”

ವಿಡಿಯೋದಲ್ಲಿ ನನ್ನ ಎಂಟು ಸಾಲು ಶುರುವಾಗಿತ್ತು, ಮಣಿ ಪೋಣಿಸಿದ ಹಾಗೆ. ಅದರಲ್ಲಿ ಒಂದು ಸಾಲೂ ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟು:

“ಹುಲಗೇಶ, ಹಾಲು ಉಕ್ಕೈತ್ರಿ.”

ಇವರು ನಕ್ಕರು. ಅರ್ಧ ಬಾಯಿಯಲ್ಲಿ, ಆದರೆ ಸದ್ದು ಮಾಡಿ.

ಡಿಸೆಂಬರ್ 5, ಗುರುವಾರ

ಲ್ಯಾಬಿನವನು ಬಂದ. ಚಹಾ ಕುಡಿಸಿ, ಕಾಗದ ಹರಿದು ಕಳಿಸಿದೆ. ಕೌಸ್ತುಭ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಮೂರು ಕಡೆ ಪ್ರತಿ ಮಾಡಿಕೊಟ್ಟ. “ಒಂದು ಪೋರ್ಟಿನ ಕರೆಂಟು ಇಷ್ಟು ಹಳೇ ಡಿಸ್ಕಿಗೆ ಸಾಲಲ್ಲ ಆಂಟಿ, ಅದಕ್ಕೇ ಎರಡು ತಲೆ. ನಂಗೆ ಹೊಳೀಲೇ ಇಲ್ಲ ನೋಡಿ,” ಅಂದ. “ಹೊಳೆದವರು ಮನೆಯಲ್ಲೇ ಇದ್ದರಪ್ಪ,” ಅಂದೆ.

ವೈರಿಗೆ ದೇವರ ಮನೆಯ ಪಕ್ಕ ಒಂದು ಮೊಳೆ. ಬಲೆಯ ಮೂಲೆ ತೆರೆದೇ ಇದೆ, ಕಟ್ಟಲು ಏನಾದರೂ ಹುಡುಕಬೇಕು. ಬಾಲ್ಕನಿಯ ಬಾಗಿಲಿಗೆ ಕುರ್ಚಿ ಎರಡು ಹಾಕಿದ್ದೇನೆ.

ಒಂದು ಪಾರಿವಾಳ ಒಳಗೆ ಬಂದು ಕಟ್ಟೆಯ ಮೇಲೆ ಕೂತಿದೆ. ಹುಲಗೇಶ ಅದನ್ನು ನೋಡಿ, “ಪಾ…” ಅಂದರು.

ಆಗಿನಿಂದ ಇದಿಷ್ಟನ್ನು ಬರೆದೆ. ಪಾರಿವಾಳವೋ, ಪಾತ್ರೆಯೋ, ಪಾಪವೋ ಗೊತ್ತಿಲ್ಲ. ಇನ್ನೂ ಬಂದಿಲ್ಲ. ಕೂತಿದ್ದೇನೆ.